ಒಂದೇ ಎತ್ತರದ ಬ್ಯಾಂಡ್ ಅಂದರೆ ಒಂದೇ ಪ್ರೋಟೀನಾ? ಮೀನು, ಶಾರ್ಕ್, ಕೋಳಿ ಜೆಲ್ ಮುಂದಿಟ್ಟುಕೊಂಡು ಕೂತಿದ್ದೇನೆ

ನೀಲಿಬೆರಳು:
ಎಲ್ಲರಿಗೂ ನಮಸ್ಕಾರ. ಪದವಿ ಕೊನೆ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಬೇರೆ ಬೇರೆ ಪ್ರಾಣಿಗಳ ಸ್ನಾಯುವಿನ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ (ಕರೆಂಟ್ ಕೊಟ್ಟಾಗ ಪ್ರೋಟೀನ್‌ಗಳು ಬೇರೆಯಾಗಿ ಪಟ್ಟಿಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ, ನಿಲ್ಲುವ ತೆಳು ಹಾಳೆ) ಓಡಿಸಿ, ಯಾರಿಗೆ ಯಾರು ಹತ್ತಿರದ ನೆಂಟರು ಎಂದು ಕಂಡುಹಿಡಿಯುವುದು ಕೆಲಸ. ಆರಿಸಿಕೊಂಡದ್ದು ರೋಹು, ಕಾಟ್ಲಾ, ಬಂಗುಡೆ, ಟ್ಯೂನಾ, ಶಾರ್ಕ್ ಮತ್ತು ಕೋಳಿ.

ಮಾಡಿದ್ದು ಇಷ್ಟು. ಪ್ರತಿಯೊಂದರಿಂದ ಒಂದು ಚೂರು ಸ್ನಾಯು ತೆಗೆದು ಎಸ್‌ಡಿಎಸ್ (ಪ್ರೋಟೀನಿನ ಮಡಿಕೆ ಬಿಚ್ಚುವ ಡಿಟರ್ಜೆಂಟ್) ಇರುವ ಸ್ಯಾಂಪಲ್ ಬಫರ್‌ನಲ್ಲಿ ಅರೆದೆ. ಮರ್ಕ್ಯಾಪ್ಟೋಎಥನಾಲ್ ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿದೆ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವದಿಂದ ಎಲ್ಲದಕ್ಕೂ 10 ಮೈಕ್ರೋಲೀಟರ್ ಲೋಡ್ ಮಾಡಿದೆ. ಜೆಲ್ 12 ಪರ್ಸೆಂಟ್. ಬಣ್ಣ ಕೂಮಾಸಿ ಬ್ಲೂ. (ಗ್ಲೋವ್ಸ್ ಹರಿದಿತ್ತು, ಬೆರಳು ಎರಡು ದಿನ ನೀಲಿ. ಹೆಸರು ಬಂದದ್ದು ಅಲ್ಲಿಂದ.)

ಆಮೇಲೆ ಬ್ಯಾಂಡ್ ಎಣಿಸಿದೆ. ಇಬ್ಬರಲ್ಲೂ ಇರುವ ಬ್ಯಾಂಡ್‌ಗಳನ್ನು ಎರಡರಿಂದ ಗುಣಿಸಿ, ಇಬ್ಬರ ಒಟ್ಟು ಬ್ಯಾಂಡ್‌ಗಳಿಂದ ಭಾಗಿಸಿದೆ. ರೋಹು 14, ಕಾಟ್ಲಾ 15, ಎರಡರಲ್ಲೂ ಇರುವುದು 13. ಅಂದರೆ 0.90. ಇದು ಸರಿಯಾಗೇ ಇದೆ, ಎರಡೂ ಕಾರ್ಪ್ ಜಾತಿಯವು.

ಗೋಳು ಶುರುವಾಗುವುದು ಇಲ್ಲಿಂದ. ಬಂಗುಡೆ 13, ಟ್ಯೂನಾ 11, ಎರಡಕ್ಕೂ ಸಾಮಾನ್ಯ 8 ಮಾತ್ರ. ಅಂದರೆ 0.67. ಇವೆರಡೂ ಒಂದೇ ಕುಟುಂಬ ಅಲ್ವಾ? ಆದರೆ ರೋಹುಗೂ ಬಂಗುಡೆಗೂ 0.74 ಬಂದಿದೆ. ರೋಹುಗೂ ಶಾರ್ಕ್‌ಗೂ 0.69! ಕೋಳಿ ಮಾತ್ರ 0.62ರಲ್ಲಿ ಎಲ್ಲರಿಗಿಂತ ದೂರ ನಿಂತಿದೆ, ಅದೊಂದು ಸಮಾಧಾನ. ಎಲ್ಲಿ ಎಡವಿದೆ?

ಬ್ಯಾಂಡ್‌ಬಾಜಾ:
ಟ್ಯೂನಾದ ಯಾವ ಭಾಗದ ಸ್ನಾಯು? ಕೆಂಪಾ, ಬಿಳಿಯಾ?

ನೀಲಿಬೆರಳು:
ಕೆಂಪು. ಅದೇ ಕೈಗೆ ಸಿಕ್ಕಿತು. ಬಂಗುಡೆಯದು ಬಿಳಿ ಭಾಗ. ಅದರಿಂದ ವ್ಯತ್ಯಾಸ ಆಗುತ್ತಾ? ಮೀನು ಅದೇ ತಾನೇ?

ಬ್ಯಾಂಡ್‌ಬಾಜಾ:
ಆಗುತ್ತೆ, ಜಾಸ್ತಿನೇ ಆಗುತ್ತೆ. ಕೆಂಪು ಸ್ನಾಯು ನಿಧಾನವಾಗಿ, ದಣಿಯದೆ ಕೆಲಸ ಮಾಡುವಂಥದ್ದು. ಬಿಳಿ ಸ್ನಾಯು ಗಕ್ಕನೆ ಎಳೆದು ಗಕ್ಕನೆ ಬಿಡುವಂಥದ್ದು. ಎರಡರಲ್ಲೂ ಮೈಯೋಸಿನ್ ಎಂಬ, ಸ್ನಾಯುವನ್ನು ಎಳೆಯುವ ಪ್ರೋಟೀನ್ ಇದೆ, ಆದರೆ ಮೈಯೋಸಿನ್‌ನ ಹಗುರ ಸರಪಳಿಗಳು ಬೇರೆ ಬೇರೆ ಮಾದರಿಯವು. ಜೆಲ್‌ನಲ್ಲಿ 15ರಿಂದ 25 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ನಡುವೆ ಕಾಣುತ್ತವಲ್ಲ, ಅವೇ.

ಅದಕ್ಕಿಂತ ದೊಡ್ಡದು ಪಾರ್ವಾಲ್ಬುಮಿನ್. ಸುಮಾರು 12 ಕಿಲೋಡಾಲ್ಟನ್‌ನ ಪುಟ್ಟ ಪ್ರೋಟೀನ್. ಕ್ಯಾಲ್ಸಿಯಂ ಹಿಡಿದುಕೊಂಡು ಸ್ನಾಯು ಬೇಗ ಸಡಿಲವಾಗಲು ನೆರವಾಗುತ್ತದೆ. ಮೀನಿನ ಬಿಳಿ ಸ್ನಾಯುವಿನಲ್ಲಿ ರಾಶಿ ರಾಶಿ ಇರುತ್ತದೆ, ಕೆಂಪಿನಲ್ಲಿ ಬಹಳ ಕಡಿಮೆ. ಅದರ ಮೇಲೆ ಟ್ಯೂನಾದಲ್ಲಿ ಮೊದಲೇ ಕಡಿಮೆ. ನಿಮ್ಮ ಟ್ಯೂನಾ ಲೇನಿನ (ಆ ಸ್ಯಾಂಪಲ್ ಓಡಿದ ಸಾಲಿನ) ಕೆಳತುದಿ ಖಾಲಿ ಖಾಲಿ ಇದೆ, ಸರಿನಾ?

ನೀವು ಹೋಲಿಸಿದ್ದು ಬಂಗುಡೆಯನ್ನೂ ಟ್ಯೂನಾವನ್ನೂ ಅಲ್ಲ. ಬಿಳಿ ಸ್ನಾಯುವನ್ನೂ ಕೆಂಪು ಸ್ನಾಯುವನ್ನೂ. ಒಂದೇ ಬಂಗುಡೆಯ ಬಿಳಿ ಮತ್ತು ಕೆಂಪು ಭಾಗವನ್ನು ಪಕ್ಕ ಪಕ್ಕ ಓಡಿಸಿ ನೋಡಿ, ಅದೂ ತನಗೆ ತಾನೇ ದೂರದ ನೆಂಟ ಅನ್ನುತ್ತದೆ.

ನೀಲಿಬೆರಳು:
ಕೆಳತುದಿ ಖಾಲಿ ಇದೆ! ಡೈ ಜೊತೆ ಓಡಿಹೋಗಿರಬೇಕು ಅಂದುಕೊಂಡಿದ್ದೆ.

ಕೊಂಬೆರೆಂಬೆ:
ಸ್ನಾಯು ಬದಲಿಸಿದರೂ ಮೂಲ ತೊಂದರೆ ಹೋಗುವುದಿಲ್ಲ. ಅದಕ್ಕೂ ಮೊದಲು ನಿಮ್ಮ "ಸಮಾಧಾನ"ದ ಬಗ್ಗೆ ಒಂದು ಮಾತು. ಕೋಳಿ ಎಲ್ಲರಿಗಿಂತ ದೂರ ಬಂದಿದ್ದಕ್ಕೆ ಖುಷಿಪಟ್ಟಿದ್ದೀರಿ. ಖುಷಿಪಡಬೇಡಿ, ಅದೇ ತಪ್ಪು ಉತ್ತರ.

ರೋಹುಗೆ ಯಾರು ಹತ್ತಿರ, ಶಾರ್ಕಾ ಕೋಳಿಯಾ? ಕೋಳಿ. ಶಾರ್ಕ್ ಇರುವ ಮೃದ್ವಸ್ಥಿ ಮೀನುಗಳ ಕವಲು ಸುಮಾರು 45 ಕೋಟಿ ವರ್ಷಗಳ ಹಿಂದೆಯೇ ಬೇರೆಯಾಯಿತು. ಉಳಿದದ್ದು ಮೂಳೆ ಇರುವ ಗುಂಪು. ಅದು ಆಮೇಲೆ ಎರಡಾಗಿ ಒಡೆದು, ಒಂದು ಕಡೆ ರೋಹು, ಬಂಗುಡೆ, ಟ್ಯೂನಾ ಬಂದವು, ಇನ್ನೊಂದು ಕಡೆ ಕಪ್ಪೆ, ಹಲ್ಲಿ, ಕೋಳಿ, ನೀವು, ನಾನು. ನೀರಿನಲ್ಲಿದೆ, ರೆಕ್ಕೆ ಇದೆ ಎಂದ ಮಾತ್ರಕ್ಕೆ ಶಾರ್ಕ್ ರೋಹುವಿನ ಅಣ್ಣನಾಗುವುದಿಲ್ಲ. "ಮೀನು" ಅನ್ನುವುದು ನಮ್ಮ ಬಾಯಿಮಾತಿನ ಗುಂಪು, ವಂಶವೃಕ್ಷದ ಗುಂಪಲ್ಲ.

ನೀಲಿಬೆರಳು:
ಅಯ್ಯೋ. ಇದು ನಮ್ಮ ಗೈಡ್‌ಗೂ ಹೊಳೆದಿಲ್ಲ. "ಕೋಳಿ ದೂರ ಬಂದಿದೆ, ಜೆಲ್ ಸರಿಯಾಗಿದೆ" ಅಂದರು.

ಹಳೇ ಪಿಪೆಟ್:
ಬೇಜಾರು ಮಾಡಿಕೊಳ್ಳಬೇಡಮ್ಮ. ಹಾಗೆ ನೋಡಿದರೆ ಜೆಲ್ ಸುಳ್ಳು ಹೇಳಿಲ್ಲ. ಕೇಳಿದ ಪ್ರಶ್ನೆಗೂ ಅದು ಕೊಟ್ಟ ಉತ್ತರಕ್ಕೂ ಸಂಬಂಧ ಇಲ್ಲ, ಅಷ್ಟೇ.

ಆ ಜೆಲ್‌ನಲ್ಲಿ ದಪ್ಪಗೆ ಕಾಣುವುದು ಯಾವುವು? ಮೇಲೆ 200 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಮೈಯೋಸಿನ್‌ನ ಭಾರದ ಸರಪಳಿ. 42ರಲ್ಲಿ ಆಕ್ಟಿನ್, ಮೈಯೋಸಿನ್ ಹಿಡಿದೆಳೆಯುವ ಎಳೆಯ ಪ್ರೋಟೀನ್. ಇವೆರಡೇ ಸ್ನಾಯುವಿನ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಅಂದರೂ ಆಯಿತು. ಸ್ನಾಯು ಇರುವ ಯಾವ ಪ್ರಾಣಿಯನ್ನು ಓಡಿಸಿದರೂ ಇವು ಅಲ್ಲೇ ನಿಲ್ಲುತ್ತವೆ. ಆಕ್ಟಿನ್‌ನಂಥ ಹಠಮಾರಿ ಪ್ರೋಟೀನ್ ಕಡಿಮೆ. 375 ಅಮೈನೊ ಆಮ್ಲ, ಕೋಳಿಯ ಸ್ನಾಯುವಿನದಕ್ಕೂ ಮನುಷ್ಯನ ಸ್ನಾಯುವಿನದಕ್ಕೂ ಒಂದೇ ಒಂದು ವ್ಯತ್ಯಾಸ ಇಲ್ಲ. ನೆಂಟಸ್ತಿಕೆ ಅಳೆಯಲು ಬದಲಾಗದ ಪ್ರೋಟೀನ್ ಹಿಡಿದುಕೊಂಡು ಕೂತರೆ ಏನು ಸಿಗುತ್ತದೆ? ನಿನ್ನ ಎಣಿಕೆಯಲ್ಲಿ "ಸಾಮಾನ್ಯ" ಎಂದು ಬಂದ ಏಳೆಂಟು ಬ್ಯಾಂಡ್ ಎಲ್ಲರಲ್ಲೂ ಇರುವಂಥವೇ. ಅವನ್ನು ಬಿಟ್ಟರೆ ನಿಜವಾಗಿ ಮಾತಾಡುವ ಬ್ಯಾಂಡ್ ನಾಲ್ಕೋ ಐದೋ. ಅದರಲ್ಲಿ ಒಂದು ತಪ್ಪಿದರೂ ಲೆಕ್ಕ ತಲೆಕೆಳಗು.

ಇನ್ನೊಂದು. 10 ಮೈಕ್ರೋಲೀಟರ್ ಸಮಾನ ಲೋಡ್ ಅಲ್ಲ. 10 ಮೈಕ್ರೋಲೀಟರ್‌ನಲ್ಲಿ ಎಷ್ಟು ಪ್ರೋಟೀನ್ ಇತ್ತು ಎಂದು ಅಳೆದಿದ್ದೀಯಾ? ಒಂದು ಲೇನಿನಲ್ಲಿ 30 ಮೈಕ್ರೋಗ್ರಾಂ, ಇನ್ನೊಂದರಲ್ಲಿ 8 ಇದ್ದರೆ ಎರಡನೆಯದರಲ್ಲಿ ತೆಳು ಬ್ಯಾಂಡ್‌ಗಳು ಕಾಣುವುದೇ ಇಲ್ಲ. ಆಗ "ಈ ಪ್ರೋಟೀನ್ ಇಲ್ಲ" ಎಂದು ಬರೆದುಬಿಡುತ್ತೇವೆ.

ನೀಲಿಬೆರಳು:
ಅಳೆದಿಲ್ಲ ಸರ್. ಸ್ಯಾಂಪಲ್ ಬಫರ್‌ನಲ್ಲಿ ನೇರವಾಗಿ ಅರೆದದ್ದರಿಂದ ಬ್ರಾಡ್‌ಫೋರ್ಡ್ (ಬಣ್ಣದಿಂದ ಪ್ರೋಟೀನ್ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಲು ಆಗಲಿಲ್ಲ. 280 ನ್ಯಾನೋಮೀಟರ್‌ನಲ್ಲಿ ಬೆಳಕು ಹಾಯಿಸಿ ನೋಡಬಹುದಾ?

ಹಳೇ ಪಿಪೆಟ್:
ಬೇಡ. ಎಸ್‌ಡಿಎಸ್ ಇದ್ದರೆ ಬ್ರಾಡ್‌ಫೋರ್ಡ್ ಕೆಡುತ್ತದೆ, ನಿಜ. ಆದರೆ 280ರಲ್ಲಿ ಕಾಣುವುದು ಮುಖ್ಯವಾಗಿ ಟ್ರಿಪ್ಟೋಫಾನ್ ಮತ್ತು ಟೈರೋಸಿನ್ ಎಂಬ ಎರಡು ಅಮೈನೊ ಆಮ್ಲಗಳು. ನಿನ್ನ ಸ್ಯಾಂಪಲ್‌ನಲ್ಲಿ ಬ್ರೋಮೋಫಿನಾಲ್ ಬ್ಲೂ, ಮರ್ಕ್ಯಾಪ್ಟೋಎಥನಾಲ್ ಎಲ್ಲ ಕಲೆತಿದೆ, ಅಲ್ಲಿ ಅಳೆದದ್ದಕ್ಕೆ ಅರ್ಥ ಇಲ್ಲ. ಮೀನಿನ ಪಾರ್ವಾಲ್ಬುಮಿನ್‌ನಲ್ಲಂತೂ ಟ್ರಿಪ್ಟೋಫಾನ್ ಸಾಮಾನ್ಯವಾಗಿ ಇರುವುದೇ ಇಲ್ಲ, ಅದು 280ಕ್ಕೆ ಕುರುಡು. ಮೊದಲು ಸಾದಾ ಬಫರ್‌ನಲ್ಲಿ ಅರೆ, ಅಳೆ, ಆಮೇಲೆ ಎಸ್‌ಡಿಎಸ್ ಹಾಕು.

ಕೊಂಬೆರೆಂಬೆ:
ಇಷ್ಟೆಲ್ಲ ಸರಿಮಾಡಿದರೂ ಕೊನೆಗೆ ಸಿಗುವುದು ಏನು? ತೂಕ. ಎಸ್‌ಡಿಎಸ್ ಪ್ರೋಟೀನಿನ ಮಡಿಕೆ ಬಿಚ್ಚಿ ಮೈತುಂಬ ಋಣ ವಿದ್ಯುತ್ ಹೊದಿಸುತ್ತದೆ. 1 ಗ್ರಾಂ ಪ್ರೋಟೀನಿಗೆ ಸುಮಾರು 1.4 ಗ್ರಾಂ ಎಸ್‌ಡಿಎಸ್ ಅಂಟಿಕೊಳ್ಳುತ್ತದೆ. ಪ್ರೋಟೀನಿಗೆ ಸ್ವಂತದ್ದು ಎಂಬ ವಿದ್ಯುದಂಶ ಏನಿತ್ತೋ ಅದು ಮುಚ್ಚಿಹೋಯಿತು. ಉಳಿದದ್ದು ಉದ್ದ ಮಾತ್ರ. ಎರಡು ಊರುಗಳ ಜನರ ಎತ್ತರ ಅಳೆದು, ಐದಡಿ ಆರಂಗುಲದವರು ಎರಡೂ ಕಡೆ ಇದ್ದಾರೆ, ಆದ್ದರಿಂದ ಒಂದೇ ಮನೆತನ ಅಂದ ಹಾಗೆ.

ಅದೂ ನಿಖರವಾಗಿ ಅಳೆಯಲು ಆಗುವುದಿಲ್ಲ. ನಿಮ್ಮ ಜೆಲ್‌ನಲ್ಲಿ 250ರಿಂದ 10ರವರೆಗಿನ ಲ್ಯಾಡರ್ (ತೂಕ ಗೊತ್ತಿರುವ ಪ್ರೋಟೀನ್‌ಗಳ ಅಳತೆಗೋಲು) 55 ಮಿಲಿಮೀಟರ್‌ನಲ್ಲಿ ಹರಡಿದೆ ಅಂತಿಟ್ಟುಕೊಳ್ಳಿ. ದೂರಕ್ಕೂ ತೂಕದ ಲಾಗ್‌ಗೂ ನೇರ ಗೆರೆ ಎಂದು ಹಿಡಿದರೆ, 1 ಮಿಲಿಮೀಟರ್ ಅಂದರೆ ತೂಕದಲ್ಲಿ ಸುಮಾರು 6 ಪರ್ಸೆಂಟ್. 37 ಕಿಲೋಡಾಲ್ಟನ್ ಹತ್ತಿರ ಅದು 2 ಕಿಲೋಡಾಲ್ಟನ್‌ಗಿಂತ ಜಾಸ್ತಿ. ಬ್ಯಾಂಡಿನ ದಪ್ಪವೇ 1 ಮಿಲಿಮೀಟರ್ ಇರುತ್ತೆ! ಈಗ ಆ ಜಾಗದಲ್ಲಿ ಯಾರ್ಯಾರು ಇದ್ದಾರೆ ನೋಡಿ. ಟ್ರೋಪೋಮೈಯೋಸಿನ್, ಜಿಎಪಿಡಿಎಚ್, ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್, ಮೂವರೂ 35, 36ರ ಸುತ್ತಮುತ್ತ. 42ರಲ್ಲಿ ಆಕ್ಟಿನ್ ಪಕ್ಕದಲ್ಲೇ ಕ್ರಿಯಾಟಿನ್ ಕೈನೇಸ್. 100ರ ಕೆಳಗೆ ಮೇಲೆ ಆಲ್ಫಾ ಆಕ್ಟಿನಿನ್ ಮತ್ತು ಗ್ಲೈಕೋಜನ್ ಫಾಸ್ಫಾರಿಲೇಸ್. ನಿಮ್ಮ ಒಂದು ಬ್ಯಾಂಡ್ ಒಂದು ಪ್ರೋಟೀನ್ ಅಲ್ಲ, ಒಂದು ಬೆಂಚಿನ ಮೇಲೆ ಒತ್ತರಿಸಿ ಕೂತ ಮೂವರು.

ಸೀಕ್ವೆನ್ಸ್ (ಅಮೈನೊ ಆಮ್ಲಗಳ ಸಾಲು) ತೆಗೆಯಿರಿ, ಒಂದರ ಕೆಳಗೊಂದು ಅಲೈನ್ ಮಾಡಿ, ಮುಗಿಸಿ. ಡೇಟಾಬೇಸ್‌ನಲ್ಲಿ ಎಲ್ಲ ಬಿಟ್ಟಿ ಸಿಗುತ್ತದೆ.

ಹಳೇ ಪಿಪೆಟ್:
ಇದೇ ಈಗಿನವರ ಮಾತು. ಡೇಟಾಬೇಸ್ ಇಲ್ಲದ ಕಾಲದಲ್ಲಿ ಈ ಜೆಲ್‌ಗಳೇ ದಾರಿ ತೋರಿಸಿದ್ದು.

1955ರಲ್ಲಿ ಆಲಿವರ್ ಸ್ಮಿಥೀಸ್ ಪಿಷ್ಟದ ಜೆಲ್ ಮಾಡಿದರು. ಎರಡು ವರ್ಷಕ್ಕೆ, 1957ರಲ್ಲಿ, ಹಂಟರ್ ಮತ್ತು ಮಾರ್ಕರ್ಟ್ ಆ ಜೆಲ್ ಮೇಲೆಯೇ ಕಿಣ್ವದ ಕೆಲಸ ನಡೆಸಿ ಬಣ್ಣ ಬರಿಸಿದರು. ಅಂದರೆ ನೂರು ಪ್ರೋಟೀನ್‌ಗಳ ಗದ್ದಲದಲ್ಲಿ ನಿಮಗೆ ಬೇಕಾದ ಒಂದೇ ಕಿಣ್ವ ಬೆಳಗುತ್ತದೆ. "ಈ ಬ್ಯಾಂಡ್ ಯಾರದು" ಎಂಬ ನಿಮ್ಮ ತಕರಾರು ಅಲ್ಲಿಗೇ ಮುಗಿಯಿತು. 1966ರಲ್ಲಿ ಲೆವೊಂಟಿನ್ ಮತ್ತು ಹಬ್ಬಿ ಡ್ರೊಸೊಫಿಲಾ ನೊಣಗಳಲ್ಲಿ, ಅದೇ ವರ್ಷ ಹ್ಯಾರಿ ಹ್ಯಾರಿಸ್ ಮನುಷ್ಯರಲ್ಲಿ ಜೆಲ್ ಓಡಿಸಿ, ಒಂದೇ ಪ್ರಭೇದದೊಳಗೆ ಇಷ್ಟೊಂದು ವೈವಿಧ್ಯ ಇದೆಯಾ ಎಂದು ಎಲ್ಲರೂ ಬಾಯಿ ಬಿಡುವ ಹಾಗೆ ಮಾಡಿದರು. ಕಿಮುರಾ 1968ರಲ್ಲಿ ತಟಸ್ಥ ವಿಕಾಸದ (ಅಣುಮಟ್ಟದ ಬಹುಪಾಲು ಬದಲಾವಣೆಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ) ಮಾತೆತ್ತಿದ ಮೇಲೆ ವರ್ಷಗಟ್ಟಲೆ ನಡೆದ ಜಗಳಕ್ಕೆ ಮೇವು ಕೊಟ್ಟದ್ದೇ ಈ ಜೆಲ್‌ಗಳು. 1975ರಲ್ಲಿ ಮೇರಿ ಕ್ಲೇರ್ ಕಿಂಗ್ ಮತ್ತು ಆಲನ್ ವಿಲ್ಸನ್ ಮನುಷ್ಯ ಮತ್ತು ಚಿಂಪಾಂಜಿಯ ಪ್ರೋಟೀನ್‌ಗಳು ಸರಾಸರಿ 99 ಪರ್ಸೆಂಟ್‌ಗಿಂತ ಹೆಚ್ಚು ಒಂದೇ ಎಂದರಲ್ಲ, ಅವರ ಕೈಯಲ್ಲಿ ಜೆಲ್ ಫಲಿತಾಂಶಗಳೂ ಇದ್ದವು.

ಹಾಗಾಗಿ "ಜೆಲ್ ದಂಡ" ಅನ್ನಬೇಡಿ. ಎಸ್‌ಡಿಎಸ್ ಹಾಕದೆ, ಪ್ರೋಟೀನನ್ನು ಅದರ ಮಡಿಕೆ, ಅದರ ವಿದ್ಯುದಂಶದ ಜೊತೆಗೇ ಓಡಿಸುವ ಜೆಲ್ ಬೇರೆಯೇ ಆಟ.

ಕೊಂಬೆರೆಂಬೆ:
ಸರ್, ಇತಿಹಾಸಕ್ಕೆ ನಮಸ್ಕಾರ. ಆದರೆ ಆ ಜೆಲ್‌ಗೂ ಕುರುಡು ಜಾಗ ಇತ್ತು. ಗೊರಿಲ್ಲಾ ಹಿಮೋಗ್ಲೋಬಿನ್ ತೆಗೆದುಕೊಳ್ಳಿ. ಮನುಷ್ಯನದಕ್ಕೆ ಹೋಲಿಸಿದರೆ ಆಲ್ಫಾ ಸರಪಳಿಯಲ್ಲಿ ಒಂದು, ಬೀಟಾದಲ್ಲಿ ಒಂದು ಬದಲಾವಣೆ. ಆಲ್ಫಾದಲ್ಲಿ ಗ್ಲುಟಮಿಕ್ ಬದಲು ಆಸ್ಪಾರ್ಟಿಕ್, ಎರಡೂ ಋಣ. ಬೀಟಾದಲ್ಲಿ ಆರ್ಜಿನೈನ್ ಬದಲು ಲೈಸಿನ್, ಎರಡೂ ಧನ. ವಿದ್ಯುದಂಶ ಬದಲಾಗಲೇ ಇಲ್ಲ, ಜೆಲ್‌ಗೆ ಏನು ಕಾಣಬೇಕು?

ಸಿಕಲ್ ಸೆಲ್ ಹಿಮೋಗ್ಲೋಬಿನ್ ನೋಡಿ. ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಮಿಕ್ ಹೋಗಿ ವ್ಯಾಲಿನ್ ಬಂತು, ಋಣ ಒಂದು ಕಡಿಮೆಯಾಯಿತು. ಅದಕ್ಕೇ 1949ರಲ್ಲಿ ಪಾಲಿಂಗ್ ತಂಡಕ್ಕೆ ಎಲೆಕ್ಟ್ರೋಫೋರೆಸಿಸ್‌ನಲ್ಲಿ ಅದು ಬೇರೆಯಾಗಿ ಕಂಡದ್ದು. ಅದನ್ನೇ ಎಸ್‌ಡಿಎಸ್ ಜೆಲ್‌ನಲ್ಲಿ ಓಡಿಸಿದ್ದರೆ ಸಾಮಾನ್ಯ ಹಿಮೋಗ್ಲೋಬಿನ್ ಪಕ್ಕದಲ್ಲೇ ಒಂದೇ ಸಾಲಿನಲ್ಲಿ ನಿಲ್ಲುತ್ತಿತ್ತು. ಒಂದೊಂದು ಜೆಲ್ ಒಂದೊಂದನ್ನು ನೋಡುತ್ತದೆ, ಎಲ್ಲವನ್ನೂ ಯಾವುದೂ ನೋಡುವುದಿಲ್ಲ.

ಹಳೇ ಪಿಪೆಟ್:
ಒಪ್ಪಿದೆ. ಚಾರ್ಲ್ಸ್ ಸಿಬ್ಲಿ ಅನ್ನುವವರು 1960ರ ಹೊತ್ತಿಗೆ ಹಕ್ಕಿಗಳ ಮೊಟ್ಟೆಯ ಬಿಳಿಭಾಗ ಓಡಿಸಿ ಹಕ್ಕಿಗಳ ವಂಶ ಹುಡುಕಿದರು. ನೂರಾರು ಪ್ರಭೇದ. ಮೊಟ್ಟೆಯ ಬಿಳಿಭಾಗ ಒಳ್ಳೆಯ ಆಯ್ಕೆ, ಓವಾಲ್ಬುಮಿನ್, ಓವೊಮ್ಯೂಕಾಯ್ಡ್, ಲೈಸೋಜೈಮ್ ಎಂದು ಕೆಲವೇ ಪ್ರೋಟೀನ್, ಅರೆಯುವ ರಗಳೆ ಇಲ್ಲ. ಕೊನೆಗೆ ಅವರೇ ಅದನ್ನು ಬಿಟ್ಟು ಡಿಎನ್ಎ ಕಡೆ ಹೋದರು. ನಿಮ್ಮ ಪಕ್ಷಕ್ಕೇ ಸಾಕ್ಷಿ ಕೊಟ್ಟೆ, ಸರಿನಾ?

ಕೊಂಬೆರೆಂಬೆ:
ಸರಿ ಸರ್ :)

ಮೀನಕಣ್ಣು:
ಜಗಳ ಮುಗಿಯಿತಾ? ನಾನು ಮೀನಿನ ಪ್ರೋಟೀನ್ ಮೇಲೆಯೇ ಕೆಲಸ ಮಾಡುವವಳು. ನೀಲಿಬೆರಳು, ನಿಮ್ಮ 12 ಕಿಲೋಡಾಲ್ಟನ್ ಬ್ಯಾಂಡ್ ಬಗ್ಗೆ ಯಾರೂ ಹೇಳದ ಒಂದು ವಿಷಯ ಇದೆ.

ರೋಹು, ಕಾಟ್ಲಾ, ಬಂಗುಡೆ, ಶಾರ್ಕ್ ಎಲ್ಲದರಲ್ಲೂ 12ರಲ್ಲಿ ಬ್ಯಾಂಡ್ ಇದೆ, "ಸಾಮಾನ್ಯ" ಎಂದು ಬರೆದಿದ್ದೀರಿ. ಪಾರ್ವಾಲ್ಬುಮಿನ್‌ನಲ್ಲಿ ಎರಡು ಮನೆತನ: ಆಲ್ಫಾ, ಬೀಟಾ. ಬಹಳ ಹಿಂದೆ ಜೀನ್ ಇಮ್ಮಡಿಯಾಗಿ ಎರಡಾದವು. ಮೂಳೆ ಮೀನುಗಳ ಸ್ನಾಯುವಿನಲ್ಲಿ ಹೆಚ್ಚಾಗಿ ಇರುವುದು ಬೀಟಾ. ಶಾರ್ಕ್ ಮತ್ತು ತಿರಂಡಿಗಳಲ್ಲಿ (ಚಪ್ಪಟೆ ಮೈಯ ರೇ ಮೀನುಗಳಲ್ಲಿ) ಹೆಚ್ಚಾಗಿ ಆಲ್ಫಾ. ಎರಡೂ ಹತ್ತಿರ ಹತ್ತಿರ 108, 109 ಅಮೈನೊ ಆಮ್ಲ. ಜೆಲ್‌ನಲ್ಲಿ ಒಂದೇ ಎತ್ತರ. ದೊಡ್ಡಪ್ಪನ ಮಗನನ್ನು ಸ್ವಂತ ಅಣ್ಣ ಎಂದು ಬರೆದುಕೊಂಡ ಹಾಗಾಯಿತು.

ಇದು ಬರೀ ಪುಸ್ತಕದ ವಿಷಯ ಅಲ್ಲ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಬೀಟಾ ಪಾರ್ವಾಲ್ಬುಮಿನ್. ಮೀನಿನ ಅಲರ್ಜಿ ಇರುವವರಲ್ಲಿ ಕೆಲವರಿಗೆ ಶಾರ್ಕ್, ತಿರಂಡಿ ತಿಂದರೆ ಏನೂ ಆಗದಿರುವುದು ಇದಕ್ಕೇ. (ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ ದಯವಿಟ್ಟು.) ಜೆಲ್‌ಗೆ ತಿಳಿಯದ ವ್ಯತ್ಯಾಸ ದೇಹಕ್ಕೆ ತಿಳಿಯುತ್ತದೆ.

ಕೋಳಿ ಯಾವ ಭಾಗದ್ದು?

ನೀಲಿಬೆರಳು:
ಎದೆಯದು ಮೇಡಂ.

ಮೀನಕಣ್ಣು:
ಅಲ್ಲಿಗೆ ಅದೂ ಆಯಿತು. ಕೋಳಿಯ ಕಾಲಿನ ಸ್ನಾಯುವಿನಲ್ಲಿ ಪಾರ್ವಾಲ್ಬುಮಿನ್ ಇದೆ, ಎದೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನೀವು ಕಾಲು ತೆಗೆದುಕೊಂಡಿದ್ದರೆ ಕೋಳಿಗೂ ಒಂದು ಬ್ಯಾಂಡ್ ಜಾಸ್ತಿ ಸಿಗುತ್ತಿತ್ತು, 0.62 ಏರಿ ಶಾರ್ಕ್ ಹತ್ತಿರ ಬರುತ್ತಿತ್ತು. ಒಂದು ಕಾಲಿನಿಂದ ವಂಶವೃಕ್ಷ ಅಲುಗಾಡುತ್ತದೆ ಅಂದರೆ ಆ ವೃಕ್ಷಕ್ಕೆ ಬೇರು ಇಲ್ಲ ಎಂದೇ ಅರ್ಥ.

ಮುಂದಿನ ಸಲಕ್ಕೆ ನಾನು ಮಾಡುವ ಕ್ರಮ ಹೇಳುತ್ತೇನೆ. ಸ್ನಾಯುವನ್ನು ಮೊದಲು ತಣ್ಣನೆಯ, ಉಪ್ಪು ಕಡಿಮೆ ಇರುವ ಬಫರ್‌ನಲ್ಲಿ ಅರೆದು ತಿರುಗಿಸಿ. ಮೇಲಿನ ದ್ರವದಲ್ಲಿ ಬರುವುದು ಸಾರ್ಕೋಪ್ಲಾಸ್ಮಿಕ್ ಪ್ರೋಟೀನ್‌ಗಳು, ಅಂದರೆ ಕಿಣ್ವಗಳು ಮತ್ತು ಪಾರ್ವಾಲ್ಬುಮಿನ್. ಆಕ್ಟಿನ್, ಮೈಯೋಸಿನ್ ಬಹುಪಾಲು ಕೆಳಗೆ ಗಷ್ಟಿನಲ್ಲಿ ಉಳಿಯುತ್ತವೆ. ಅವು ಬೇಕಿದ್ದರೆ 0.6 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ಕರಗಿಸಬಹುದು. ನಿಮಗೆ ಬೇಡ. ಪ್ರಭೇದದಿಂದ ಪ್ರಭೇದಕ್ಕೆ ವ್ಯತ್ಯಾಸ ಚೆನ್ನಾಗಿ ಕಾಣುವುದು ಮೇಲಿನ ದ್ರವದಲ್ಲೇ. ಮೀನಿನ ಜಾತಿ ಗುರುತಿಸುವ ಲ್ಯಾಬ್‌ಗಳು ಇದೇ ದ್ರವವನ್ನು ಐಸೋಎಲೆಕ್ಟ್ರಿಕ್ ಫೋಕಸಿಂಗ್‌ಗೆ ಹಾಕುತ್ತವೆ. ಅಲ್ಲಿ ಪ್ರೋಟೀನ್ ತನ್ನ ವಿದ್ಯುದಂಶ ಸೊನ್ನೆಯಾಗುವ ಪಿಎಚ್ ಸಿಕ್ಕಿದಾಗ ನಿಲ್ಲುತ್ತದೆ. ಪಾರ್ವಾಲ್ಬುಮಿನ್ ಬ್ಯಾಂಡ್‌ಗಳು ಅಲ್ಲಿ ಬೆರಳಚ್ಚಿನ ಹಾಗೆ ಬರುತ್ತವೆ. ಬಿಸಿಗೂ ಸುಲಭಕ್ಕೆ ಕೆಡುವುದಿಲ್ಲ.

ಶಾರ್ಕ್‌ಗೆ ಮಾತ್ರ ಒಂದು ಎಚ್ಚರ. ಅದರ ಮೈಯಲ್ಲಿ ಯೂರಿಯಾ ಜಾಸ್ತಿ, ರಕ್ತದಲ್ಲಿ ಹತ್ತಿರ ಹತ್ತಿರ 0.35 ಮೋಲಾರ್. ಯೂರಿಯಾ ಇರುವ ಸ್ಯಾಂಪಲ್ ಕಾಯಿಸಿದರೆ ಅದರಿಂದ ಹುಟ್ಟುವ ಸಯನೇಟ್ ಪ್ರೋಟೀನಿಗೆ ಅಂಟಿ ವಿದ್ಯುದಂಶ ಬದಲಿಸುತ್ತದೆ. ಎಸ್‌ಡಿಎಸ್ ಜೆಲ್‌ಗೆ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ಫೋಕಸಿಂಗ್ ಮಾಡುವುದಾದರೆ ಕಾಯಿಸಲೇಬೇಡಿ, ಡಯಾಲಿಸಿಸ್ ಮಾಡಿ ಯೂರಿಯಾ ತೆಗೆಯಿರಿ.

ಬ್ಯಾಂಡ್‌ಬಾಜಾ:
ಒಂದು ಸೇರಿಸುತ್ತೇನೆ. ಸ್ನಾಯು ಎಷ್ಟು ಹೊತ್ತು ಹೊರಗಿತ್ತು ಎಂಬುದೂ ಮುಖ್ಯ. ಜೀವ ಹೋದ ಮೇಲೆ ಸ್ನಾಯುವಿನ ಸ್ವಂತ ಕಿಣ್ವಗಳೇ ಅದನ್ನು ಮೇಯತೊಡಗುತ್ತವೆ. ಮೈಯೋಸಿನ್ ತುಂಡಾಗಿ 150, 100, 70ರಲ್ಲಿ ಹೊಸ ಬ್ಯಾಂಡ್‌ಗಳು ಹುಟ್ಟುತ್ತವೆ. ನಾನು ಒಮ್ಮೆ ಮೂರು ದಿನ ಫ್ರಿಜ್‌ನಲ್ಲಿಟ್ಟ ಸ್ಯಾಂಪಲ್ ಓಡಿಸಿ "ಹೊಸ ಪ್ರೋಟೀನ್" ಎಂದು ಕುಣಿದಿದ್ದೆ. ಕೊಳೆತ ಮೈಯೋಸಿನ್. ಅರೆಯುವಾಗಲೇ ಅಂಥ ಕಿಣ್ವಗಳನ್ನು ತಡೆಯುವ ಪಿಎಂಎಸ್ಎಫ್ ಹಾಕಿ, ಎಲ್ಲ ಮಂಜುಗಡ್ಡೆ ಮೇಲೆ.

ಇನ್ನೊಂದು, ಇದನ್ನು ಮರೆಯಬೇಡಿ. ರೋಹುವನ್ನು ರೋಹು ಜೊತೆಗೇ ಹೋಲಿಸಿ. ಒಂದೇ ಟ್ಯೂಬಿನಿಂದ ಎರಡು ಲೇನ್, ಮತ್ತೆ ಬೇರೆ ರೋಹುವಿನಿಂದ ಒಂದು ಲೇನ್. ಎಷ್ಟು ಬರುತ್ತೆ ನೋಡಿ.

ನೀಲಿಬೆರಳು:
ಅದು 1 ಬರಲೇಬೇಕಲ್ಲ?

ಬ್ಯಾಂಡ್‌ಬಾಜಾ:
ನೋಡಿ ಅಂದೆ.

ಹೊಸಗಣ್ಣು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎಲ್ಲರ ತೂಕದ ಲೆಕ್ಕವೂ ಲ್ಯಾಡರ್ ಮೇಲೆ ನಿಂತಿದೆ. ಬೇರೆ ಪ್ರಾಣಿಯ ಪ್ರೋಟೀನಿಗೆ ಅದೇ ಲ್ಯಾಡರ್ ಆಗುತ್ತಾ?

ಹಳೇ ಪಿಪೆಟ್:
ಲ್ಯಾಡರ್‌ಗೆ ಪ್ರಾಣಿ ಯಾವುದಾದರೇನು. ಆದರೆ ಎಲ್ಲ ಪ್ರೋಟೀನೂ ತೂಕಕ್ಕೆ ತಕ್ಕ ಹಾಗೆ ಓಡುವುದಿಲ್ಲ. ಸಕ್ಕರೆ ಅಂಟಿರುವವು ಹರಡಿಕೊಂಡು, ತೂಕ ಜಾಸ್ತಿ ಎನ್ನುವಂತೆ ತೋರುತ್ತವೆ. ಕೇಸಿನ್, ಹಿಸ್ಟೋನ್ ಅಂಥವೂ ಮೋಸ ಮಾಡುತ್ತವೆ. ವರದಿಯಲ್ಲಿ "ತೋರಿಕೆಯ ತೂಕ" ಎಂದು ಬರೆಯುವುದು ಅದಕ್ಕೇ.

ನೀಲಿಬೆರಳು: (ಮೂರು ವಾರದ ನಂತರ)
ಎರಡನೇ ಸುತ್ತು ಮುಗಿಯಿತು. ಎಲ್ಲದಕ್ಕೂ ಬಿಳಿ ಸ್ನಾಯು, ಕೋಳಿಗೆ ಮತ್ತೆ ಎದೆ. ಸಾರ್ಕೋಪ್ಲಾಸ್ಮಿಕ್ ಭಾಗ ಮಾತ್ರ. ಬ್ರಾಡ್‌ಫೋರ್ಡ್ ಮಾಡಿ ಒಂದೊಂದು ಲೇನಿಗೆ 20 ಮೈಕ್ರೋಗ್ರಾಂ. ಕೆಳಗಿನ ಭಾಗ ಬಿಡಿಸಿಕೊಳ್ಳಲಿ ಎಂದು ಜೆಲ್ 15 ಪರ್ಸೆಂಟ್ ಮಾಡಿದೆ. ಬೇರೆ ಬೇರೆ ದಿನ ಮೂರು ಸಲ ಓಡಿಸಿದೆ.

ಟ್ಯೂನಾದಲ್ಲಿ 12ರ ಬ್ಯಾಂಡ್ ಬಂತು! ತೆಳು, ಆದರೆ ಇದೆ. ಬಂಗುಡೆ 12, ಟ್ಯೂನಾ 11, ಸಾಮಾನ್ಯ 9, ಅಂದರೆ 0.78. ರೋಹು ಮತ್ತು ಬಂಗುಡೆ 0.61ಕ್ಕೆ ಇಳಿದಿದೆ. ಇಲ್ಲಿಯವರೆಗೆ ಚೆನ್ನಾಗಿದೆ.

ರೋಹುಗೂ ಶಾರ್ಕ್‌ಗೂ 0.48, ರೋಹುಗೂ ಕೋಳಿಗೂ 0.45. ಶಾರ್ಕ್‌ನ ಒಂದು ತೆಳು ಬ್ಯಾಂಡನ್ನು ಎಣಿಸಬೇಕೋ ಬೇಡವೋ ಎನ್ನುವುದರ ಮೇಲೆ ಇವೆರಡೂ ಅದಲು ಬದಲಾಗುತ್ತವೆ. ಮೊದಲ ಜೆಲ್‌ನಲ್ಲಿ ಎಣಿಸಿದೆ, ಮೂರನೆಯದರಲ್ಲಿ ಎಣಿಸಲಿಲ್ಲ.

ಇನ್ನು ಬ್ಯಾಂಡ್‌ಬಾಜಾ ಅಣ್ಣ ಹೇಳಿದ ಪರೀಕ್ಷೆ. ಒಂದೇ ಟ್ಯೂಬಿನ ಎರಡು ಲೇನ್: 0.95. ಒಂದಾಗಲಿಲ್ಲ! ಒಂದು ಲೇನ್ ಅಂಚಿನಲ್ಲಿತ್ತು, ಅಲ್ಲಿ ಒಂದು ಬ್ಯಾಂಡ್ ಮಸುಕಾಗಿ ಹೋಗಿದೆ. ಎರಡು ಬೇರೆ ರೋಹು: 0.91. ರೋಹು ಮತ್ತು ಕಾಟ್ಲಾ: ಅದೂ 0.91.

ಬ್ಯಾಂಡ್‌ಬಾಜಾ:
ಹ್ಹ. ಈಗ ಹೇಳಿ, ರೋಹುಗೆ ಕಾಟ್ಲಾ ಎಷ್ಟು ಹತ್ತಿರ?

ನೀಲಿಬೆರಳು:
ಇನ್ನೊಂದು ರೋಹುವಿನಷ್ಟೇ ಹತ್ತಿರ. ಅಂದರೆ ಈ ಜೆಲ್‌ಗೆ ಅವೆರಡರ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ.

ಮೀನಕಣ್ಣು:
ಆಶ್ಚರ್ಯ ಏನಿಲ್ಲ. ಅವೆರಡೂ ಕಲೆತು ಮಿಶ್ರತಳಿ ಮರಿ ಹಾಕುವಷ್ಟು ಹತ್ತಿರದವು. 0.9ರ ಮೇಲೆ ಬಂದದ್ದನ್ನೆಲ್ಲ "ಬೇರೆ ಮಾಡಲಾಗಲಿಲ್ಲ" ಎಂದು ಬರೆಯಿರಿ. 0.45, 0.48 ಎರಡನ್ನೂ "ದೂರ" ಎಂದು ಬರೆದು ಬಿಟ್ಟುಬಿಡಿ, ಯಾರು ಹೆಚ್ಚು ದೂರ ಎನ್ನಬೇಡಿ. ನಡುವೆ ಉಳಿದದ್ದು ಬಂಗುಡೆ ಮತ್ತು ಟ್ಯೂನಾ 0.78, ರೋಹು ಮತ್ತು ಬಂಗುಡೆ 0.61. ಅದನ್ನು ಧೈರ್ಯವಾಗಿ ಹೇಳಬಹುದು, ಮೂರು ಸಲವೂ ಹಾಗೇ ಬಂದಿದ್ದರೆ.

ನೀಲಿಬೆರಳು:
ಮೂರು ಸಲವೂ ಹಾಗೇ ಬಂದಿದೆ ಮೇಡಂ. ಆದರೆ ಗೈಡ್‌ಗೆ ಮರದ ಚಿತ್ರ ಬೇಕೇ ಬೇಕಂತೆ.

ಕೊಂಬೆರೆಂಬೆ:
ಹಾಗಾದರೆ ಎರಡು ಮರ ಹಾಕಿ. ಒಂದು ಈ ಅಂಕಿಗಳಿಂದ. ಇನ್ನೊಂದು ಡೇಟಾಬೇಸ್‌ನಲ್ಲಿ ಸಿಗುವ ಸೈಟೋಕ್ರೋಮ್ ಬಿ ಎಂಬ ಜೀನಿನ ಸೀಕ್ವೆನ್ಸ್‌ನಿಂದ. ಪಕ್ಕ ಪಕ್ಕ ಇಟ್ಟು, ಎಲ್ಲಿ ಕೂಡಿಬಂತು, ಎಲ್ಲಿ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಬರೆಯಿರಿ. ಕೆಂಪು ಸ್ನಾಯುವಿನ ಮೊದಲ ಜೆಲ್ ಇದೆಯಲ್ಲ, ಅದನ್ನು ಎಸೆಯಬೇಡಿ, ಅದನ್ನೂ ಹಾಕಿ. ನಿಮ್ಮ ಪ್ರಾಜೆಕ್ಟ್‌ನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆ ತಪ್ಪು ಜೆಲ್ಲೇ.

ಹಳೇ ಪಿಪೆಟ್:
ಕೊಂಬೆರೆಂಬೆಯವರು ಜೆಲ್ ಹಾಕಿ ಅಂದರು! ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಶಾರ್ಕ್‌ನ 12ರ ಬ್ಯಾಂಡ್ ಬ್ಲೇಡಿನಿಂದ ಕತ್ತರಿಸಿ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸುವ ಅವಕಾಶ ಇದೆಯಾ? ಆಲ್ಫಾನೋ ಬೀಟಾನೋ ತಿಳಿಯುತ್ತದೆ.

ನೀಲಿಬೆರಳು:
ಕೇಳಿದೆ ಸರ್. ಪಕ್ಕದ ವಿಭಾಗದವರು ರೋಹುವಿನದು ಒಂದು, ಶಾರ್ಕ್‌ನದು ಒಂದು, ಎರಡು ಬ್ಯಾಂಡ್ ಮಾಡಿಕೊಡುತ್ತೇವೆ ಎಂದಿದ್ದಾರೆ. ಕತ್ತರಿಸುವಾಗ ಗ್ಲೋವ್ಸ್ ಹಾಕಿಕೊಂಡೇ ಮಾಡು ಅಂದರು, ಇಲ್ಲದಿದ್ದರೆ ನನ್ನ ಚರ್ಮದ ಕೆರಾಟಿನ್ನೇ ಬರುತ್ತಂತೆ. ಈ ಸಲ ಹೊಸ ಗ್ಲೋವ್ಸ್.

ಒಂದು ಕೊನೆಯ ಅನುಮಾನ. ಮೂರೂ ಜೆಲ್‌ಗಳಲ್ಲಿ ನಡುವಿನ ಲೇನ್‌ಗಳು ಮುಂದೆ ಓಡಿ, ಅಂಚಿನವು ಹಿಂದೆ ಉಳಿದಿವೆ. ಬ್ಯಾಂಡ್‌ಗಳ ಸಾಲು ನಗುತ್ತಿರುವ ಬಾಯಿಯ ಹಾಗೆ ಬಾಗಿದೆ.

ಬ್ಯಾಂಡ್‌ಬಾಜಾ:
ನಡುಭಾಗ ಬಿಸಿಯಾಗುತ್ತಿದೆ. ಎಷ್ಟು ವೋಲ್ಟ್?

ನೀಲಿಬೆರಳು:
200. ಬಸ್ಸು ಹೊರಡುವ ಮೊದಲು ಮುಗಿಸಬೇಕಿತ್ತು.

ಬ್ಯಾಂಡ್‌ಬಾಜಾ:
120ಕ್ಕೆ ಇಳಿಸಿ, ಬಫರ್ ತಣ್ಣಗಿರಲಿ. ಲ್ಯಾಡರ್ ಎರಡೂ ಅಂಚಿನಲ್ಲಿ ಹಾಕಿ, ಒಂದು ನಡುವೆಯೂ ಹಾಕಿ. ಆ ದಿನ ಬಸ್ಸು ಬಿಟ್ಟುಬಿಡಿ.